ಸ್ನೇಹಲತಾ ರೆಡ್ಡಿಯವರ ಸೆರೆವಾಸ

ನಮ್ಮ ಹಳ್ಳಿಯ ಸಭೆಗಳಿಂದ ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಹೋದ ಮಕ್ಕಳಲ್ಲಿ ಹಲವರು ಪಟ್ಟಣದ ಪಡುವಣ ದಿಕ್ಕಿನಲ್ಲಿ, ಬಸವೇಶ್ವರನಗರ, ರಾಜಾಜಿನಗರ, ಕಾಮಾಕ್ಷಿಪಾಳ್ಯ ಮುಂತಾದ ಕಡೆಗಳಲ್ಲಿ ಬಾಡಿಗೆಯ ಕೋಣೆ ಹಿಡಿದು ವಾಸವಾಗಿದ್ದಾರೆ. ಹಬ್ಬಕ್ಕೆ ಊರಿಗೆ ಬರುವಾಗ ಅವರು ಮೆಜೆಸ್ಟಿಕ್ಕಿಗೆ ಬಂದು ಬಸ್ಸು ಹತ್ತುವದುಂಟು. ಆ ನಿಲ್ದಾಣಕ್ಕೆ ಬಹು ದೂರವಲ್ಲದ ಶೇಷಾದ್ರಿ ರಸ್ತೆಯಲ್ಲಿ ಫ್ರೀಡಂ ಪಾರ್ಕ್ ಎಂಬ ತೋಟವಿದೆ. ಅದು 2008ನೆಯ ಇಸವಿಯಲ್ಲಿ ಜನರಿಗೆ ತೆರೆಯಲ್ಪಟ್ಟಿತು. ಅದಕ್ಕೆ ಮುಂಚೆ ಒಂದು ಶತಮಾನಕ್ಕೂ ಮಿಕ್ಕ ಕಾಲ ಆ ಸ್ಥಳವೇ ಬೆಂಗಳೂರಿನ ಸೆಂಟ್ರಲ್ ಜೈಲಾಗಿತ್ತು. ಕಾವಲುಗಾರರು ನಿಂತು ನೋಡುತ್ತಿದ್ದ ಗೋಪುರವೂ ಕೆಲವು ಸೆರೆಕೋಣೆಗಳೂ ಈಗಲೂ ಉಳಿದಿವೆ. ಈ ಜೈಲಿನ ಹೆಂಗಸರ ಭಾಗದಲ್ಲಿ 1976ನೆಯ ಇಸವಿಯಲ್ಲಿ ಎಂಟು ತಿಂಗಳಿಗಿಂತ ಹೆಚ್ಚಾಗಿ ಇಡಲ್ಪಟ್ಟಿದ್ದ ಒಬ್ಬ ಸ್ತ್ರೀಯ ಚರಿತ್ರೆಯನ್ನು ನಾವು ಈ ಸಾರಿ ವಾಚಕರ ಮುಂದೆ ಇಡುತ್ತೇವೆ.

ಪ್ರಿಯ ವಾಚಕರೇ, ಈ ಪುಟಗಳಲ್ಲಿ ಸಾಧಾರಣವಾಗಿ ಬೋಧಕರ, ವೈದ್ಯರ, ಉಪಾಧ್ಯಾಯರ ಚರಿತ್ರೆಗಳನ್ನು ಓದುವ ನಿಮಗೆ ಸಿನೆಮಾದಲ್ಲಿಯೂ ನಾಟಕದಲ್ಲಿಯೂ ಅಭಿನಯಿಸಿದ ಒಬ್ಬ ಸ್ತ್ರೀಯ ಕಥೆ ಯಾಕೆ ಎಂದು ತೋರಬಹುದು. ಆಕೆಯನ್ನು ಸಭಾಜೀವನದ ಮಾದರಿಯಾಗಿ ನಿಲ್ಲಿಸುವದು ನಮ್ಮ ಉದ್ದೇಶವಲ್ಲ. ಆದರೆ ಪೋಲೀಸರು ಬಾಗಿಲಿಗೆ ಬಂದು ಮನೆಯವನೊಬ್ಬನನ್ನು ಕರೆದುಕೊಂಡು ಹೋದಾಗ ಅವನಿಗೆ ದೇಶದ ನ್ಯಾಯಪ್ರಮಾಣವು ಏನನ್ನು ಕೊಟ್ಟಿದೆ, ಅದನ್ನು ತೆಗೆದುಬಿಟ್ಟರೆ ಏನಾಗುತ್ತದೆ ಎಂಬದನ್ನು ತಿಳಿಯುವದಕ್ಕೆ ನಮ್ಮ ಕನ್ನಡನಾಡಿನಲ್ಲಿ ಈ ಚರಿತ್ರೆಗಿಂತ ಸ್ಪಷ್ಟವಾದದ್ದು ನಮಗೆ ಕಾಣಲಿಲ್ಲ.

ಸ್ನೇಹಲತಾ ರೆಡ್ಡಿಯವರು 1932ನೆಯ ಇಸವಿಯಲ್ಲಿ ಆಂಧ್ರ ಸೀಮೆಯ ಒಂದು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ಆ ಮನೆಯವರು ಕ್ರೈಸ್ತ ಮತಕ್ಕೆ ಬಂದು ಎರಡನೆಯ ತಲೆಮಾರಿನವರು. ಆ ಕಾಲದ ಅಂಥ ಅನೇಕ ಮನೆಗಳಲ್ಲಿ ಪರದೇಶದ ಹೆಸರು, ಪರದೇಶದ ಉಡುಪು ಸೇರಿಕೊಂಡಿದ್ದವೆಂಬದನ್ನು ನಮ್ಮ ಹಿರಿಯರು ಬಲ್ಲರು. ಈ ಹುಡುಗಿಗಾದರೋ ಆಂಗ್ಲರ ಆಳಿಕೆಯ ವಿಷಯದಲ್ಲಿ ಬಹಳ ಬೇಸರವಿತ್ತು. ಆದಕಾರಣ ಆಕೆಯು ದೇಶದ ಹೆಸರನ್ನೇ ಇಟ್ಟುಕೊಂಡು ದೇಶದ ಬಟ್ಟೆಯನ್ನೇ ಉಟ್ಟರು. ಮುಂದೆ ತೆಲುಗು ಕವಿಯಾದ ಪಟ್ಟಾಭಿರಾಮ ರೆಡ್ಡಿಯವರನ್ನು ಮದುವೆಯಾದರು. ಗಂಡಹೆಂಡರಿಬ್ಬರೂ ಸಮಾಜವಾದಿಗಳಾದ ರಾಮಮನೋಹರ ಲೋಹಿಯಾರವರ ವಿಚಾರಗಳನ್ನು ಅನುಸರಿಸಿದವರು. ಮದ್ರಾಸಿನಲ್ಲಿ 1960ರ ಸುಮಾರಿಗೆ ಮದ್ರಾಸ್ ಪ್ಲೇಯರ್ಸ್ ಎಂಬ ನಾಟಕ ಮಂಡಲಿಯನ್ನು ಸ್ಥಾಪಿಸಿದವರಲ್ಲಿ ಈಕೆಯೂ ಒಬ್ಬರು. ಆಮೇಲೆ ಕುಟುಂಬವು ಬೆಂಗಳೂರಿಗೆ ಬಂದು ನೆಲಸಿತು.

ಕನ್ನಡಿಗರು ಆಕೆಯನ್ನು ಅರಿತದ್ದು 1970ರಲ್ಲಿ ಹೊರಟ ಸಂಸ್ಕಾರ ಎಂಬ ಚಿತ್ರದಿಂದ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು ಚಿತ್ರವಾಗಿ ಮಾಡಿದರು. ಒಂದು ಅಗ್ರಹಾರದಲ್ಲಿ ಆಚಾರಗೆಟ್ಟ ಒಬ್ಬ ಬ್ರಾಹ್ಮಣನು ಸಾಯುತ್ತಾನೆ. ಅವನ ಶವಸಂಸ್ಕಾರವನ್ನು ಮಾಡತಕ್ಕವರು ಯಾರು, ಮಾಡಬಹುದೋ ಬಾರದೋ ಎಂದು ಪಂಡಿತರು ಶಾಸ್ತ್ರವನ್ನು ಹುಡುಕುತ್ತಿರುವಾಗ ಹೆಣವು ಮನೆಯಲ್ಲಿಯೇ ಉಳಿಯುತ್ತದೆ. ಅವನೊಡನೆ ಬಾಳಿದ ಚಂದ್ರಿ ಎಂಬ ಹೀನಳೆನಿಸಿಕೊಂಡ ಹೆಂಗಸು ಮೈಮೇಲಿನ ಒಡವೆಗಳನ್ನೇ ತೆಗೆದು ಅವರ ಮುಂದಿಡುತ್ತಾಳೆ. ಆ ಚಂದ್ರಿಯ ಪಾತ್ರವನ್ನು ಸ್ನೇಹಲತಾ ರೆಡ್ಡಿಯವರು ವಹಿಸಿದರು. ಚಿತ್ರವನ್ನು ಮೊದಲು ಮದ್ರಾಸಿನ ಪರಿಶೀಲಕರು ತಡೆದರು, ಆಮೇಲೆ ಕೇಂದ್ರ ಸರಕಾರವು ಬಿಟ್ಟುಕೊಟ್ಟಿತು, ಕಡೆಗೆ ಅದಕ್ಕೇ ರಾಷ್ಟ್ರಪತಿಗಳ ಸುವರ್ಣಪದಕವು ಬಂತು. ಸಿನೆಮಾ ನೋಡುವದು ಒಳ್ಳೇದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತುವದಿಲ್ಲ.

ಈಗ ದೇಶದ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. 1975ನೆಯ ಇಸವಿ ಜೂನ್ 25ರ ರಾತ್ರಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರ ಸರಕಾರದ ಸಲಹೆಯ ಮೇರೆಗೆ ದೇಶದಲ್ಲೆಲ್ಲಾ ತುರ್ತು ಪರಿಸ್ಥಿತಿಯು ಸಾರಲ್ಪಟ್ಟಿತು. ಮರುದಿನ ಬೆಂಗಳೂರಿನಲ್ಲಿಯೇ ಪಾರ್ಲಿಮೆಂಟಿನ ಕೆಲಸಕ್ಕಾಗಿ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಎಂಬ ನಾಲ್ವರು ಸದಸ್ಯರನ್ನು ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಮೀಸಾ ಎಂದು ಜನರು ಕರೆಯುತ್ತಿದ್ದ 1971ರ ಕಾಯಿದೆಯ ಕೆಳಗೆ ದೇಶದಲ್ಲಿ ಸುಮಾರು 35,000 ಜನರು ಸೆರೆಯಾದರೆಂದು ಆಮೇಲೆ ಕುಳಿತ ಶಾ ಆಯೋಗದ ವಿಚಾರಣೆಯಿಂದ ತಿಳಿದುಬಂತು.

ಆರೋಪ ಹೊತ್ತವನಿಗೂ ಮೀಸಾದ ಸೆರೆಯವನಿಗೂ ಇದ್ದ ಭೇದವನ್ನು ಹಳ್ಳಿಯ ಒಂದು ದೃಷ್ಟಾಂತದಿಂದ ಹೇಳುತ್ತೇವೆ. ಒಬ್ಬನ ಹಟ್ಟಿಯಿಂದ ಎತ್ತು ಕಳುವಾಯಿತೆನ್ನೋಣ. ನೆರೆಯವನ ಮೇಲೆ ಸಂಶಯ ಬಂದು ಪೋಲೀಸರು ಅವನನ್ನು ಹಿಡಿದರು. ಅವನು ಕದ್ದವನಾಗಿದ್ದರೂ ಕದಿಯದವನಾಗಿದ್ದರೂ ನಮ್ಮ ಸಂವಿಧಾನದ 22ನೆಯ ವಿಧಿಯು ಅವನಿಗೆ ಕೆಲವು ಹಕ್ಕುಗಳನ್ನು ಕೊಡುತ್ತದೆ. ಯಾವ ಕಾರಣಕ್ಕೆ ಹಿಡಿದಿದ್ದಾರೆಂದು ಅವನಿಗೆ ತಿಳಿಸಬೇಕು. ತನಗೆ ಬೇಕಾದ ವಕೀಲನೊಡನೆ ಮಾತಾಡಗೊಡಿಸಬೇಕು. ದಾರಿಯ ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಗಳೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. 20ನೆಯ ವಿಧಿಯು ಅವನ ಬಾಯಿಂದಲೇ ಅವನ ವಿರೋಧವಾಗಿ ಸಾಕ್ಷಿಯನ್ನು ಬಲವಂತದಿಂದ ಹೊರಡಿಸಬಾರದೆನ್ನುತ್ತದೆ. 21ನೆಯದು ಕಾಯಿದೆಯ ಕ್ರಮವನ್ನು ಬಿಟ್ಟು ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಮುಟ್ಟಬಾರದೆನ್ನುತ್ತದೆ. ಈ ಕಟ್ಟುಗಳೆಲ್ಲಾ ಕಳ್ಳನಿಗೆ ಮಾಡಿದ ದಯೆಯೆಂದು ಕೆಲವರು ಗೊಣಗುವದನ್ನು ನಾವು ಕೇಳಿದ್ದೇವೆ. ಕಳ್ಳನಾರು ಕಳ್ಳನಲ್ಲದವನಾರು ಎಂಬದು ವಿಚಾರಣೆಯ ಕಡೆಯಲ್ಲಿ ತಿಳಿಯತಕ್ಕ ಸಂಗತಿಯಾಗಿರುವಾಗ ಅದನ್ನು ಮೊದಲೇ ತಿಳಿದವರ ಹಾಗೆ ಮಾತಾಡುವದು ಹೇಗೆ?

ಮೀಸಾದ ಸೆರೆಯವನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಮುಂಜಾಗ್ರತೆಯ ಬಂಧನಕ್ಕೆ ಒಳಗಾದವನಿಗೆ ವಕೀಲನ, 24 ಗಂಟೆಯ ಹಕ್ಕುಗಳು ಸಲ್ಲುವದಿಲ್ಲವೆಂದು 22ನೆಯ ವಿಧಿಯಲ್ಲಿಯೇ ಬರೆದಿದೆ. ಆದರೂ ಕಾರಣವನ್ನು ತಿಳಿಸಬೇಕೆಂಬ ಒಂದು ಸಣ್ಣ ಬೆಳಕು ಉಳಿದಿತ್ತು. ತುರ್ತು ಪರಿಸ್ಥಿತಿಯಲ್ಲಿ ಆ ಬೆಳಕನ್ನೂ ಆರಿಸಿದರು. ಕಾರಣವು ರಾಜ್ಯದ ಗುಟ್ಟು, ಅದನ್ನು ಸೆರೆಯವನಿಗಾಗಲಿ ನ್ಯಾಯಾಲಯಕ್ಕಾಗಲಿ ಹೇಳಬೇಕಾದದ್ದಿಲ್ಲವೆಂದು ಕಾಯಿದೆಯನ್ನು ತಿದ್ದಿದರು. 1975ನೆಯ ಇಸವಿ ಜೂನ್ 27ರಂದು ರಾಷ್ಟ್ರಪತಿಗಳು ಹೊರಡಿಸಿದ ಆಜ್ಞೆಯಿಂದ 14, 21, 22ನೆಯ ವಿಧಿಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕೂ ತಡೆಯಲ್ಪಟ್ಟಿತು.

ಆದಾಗ್ಯೂ ಸೆರೆಯಾದವರ ಪರವಾಗಿ ಅರ್ಜಿಗಳು ಉಚ್ಚ ನ್ಯಾಯಾಲಯಗಳಿಗೆ ಹೋದವು. ಹೇಬಿಯಸ್ ಕಾರ್ಪಸ್ ಎಂಬ ಈ ಅರ್ಜಿಯ ತಾತ್ಪರ್ಯವು ಬಹಳ ಸರಳ. ಈ ಮನುಷ್ಯನನ್ನು ಹಿಡಿದಿಟ್ಟಿದ್ದೀರಷ್ಟೆ, ಅವನನ್ನು ನಮ್ಮ ಮುಂದೆ ತಂದು ಯಾವ ಕಾಯಿದೆಯಿಂದ ಹಿಡಿದಿರೆಂದು ತೋರಿಸಿರಿ ಎಂದು ನ್ಯಾಯಾಧೀಶರು ಸರಕಾರವನ್ನು ಕೇಳುವದೇ ಅದು. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವೂ ಸೇರಿ ಒಂಬತ್ತು ಉಚ್ಚ ನ್ಯಾಯಾಲಯಗಳು ಆ ಪ್ರಶ್ನೆಯನ್ನು ಕೇಳುವ ಅಧಿಕಾರವು ತಮಗೆ ಇನ್ನೂ ಉಂಟೆಂದು ತೀರ್ಮಾನಿಸಿದವು. ಸರಕಾರವು ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ 1976ನೆಯ ಇಸವಿ ಏಪ್ರಿಲ್ 28ರಂದು ಐವರು ನ್ಯಾಯಾಧೀಶರಲ್ಲಿ ನಾಲ್ವರು ಸರಕಾರದ ಪಕ್ಷವಾಗಿ ತೀರ್ಪು ಕೊಟ್ಟರು. ತುರ್ತು ಪರಿಸ್ಥಿತಿಯು ಇರುವ ತನಕ ಸೆರೆಯವನು ಕಾಯಿದೆಗೆ ವಿರೋಧವಾಗಿ ಹಿಡಿಯಲ್ಪಟ್ಟಿದ್ದರೂ ನ್ಯಾಯಾಲಯದ ಬಾಗಿಲನ್ನು ತಟ್ಟಲಾರನೆಂಬದೇ ಅದರ ಅರ್ಥವಾಯಿತು. ಎಚ್. ಆರ್. ಖನ್ನಾ ಎಂಬ ಒಬ್ಬ ನ್ಯಾಯಾಧೀಶರು ಮಾತ್ರ ಒಪ್ಪಲಿಲ್ಲ. ಮನುಷ್ಯನ ಪ್ರಾಣವೂ ಸ್ವಾತಂತ್ರ್ಯವೂ ಬರೆದ ಸಂವಿಧಾನದಿಂದ ಹುಟ್ಟಿದ ದಾನವಲ್ಲ, ಅದಕ್ಕೆ ಮುಂಚೆಯೂ ಕಾಯಿದೆಯಿಲ್ಲದೆ ಅವುಗಳನ್ನು ಮುಟ್ಟುವ ಅಧಿಕಾರವು ಯಾರಿಗೂ ಇರಲಿಲ್ಲವೆಂದು ಅವರು ಬರೆದರು. ಮುಖ್ಯ ನ್ಯಾಯಾಧೀಶರ ಪದವಿಯ ಸರದಿಯು ಅವರದಾಗಿದ್ದರೂ 1977ರ ಜನವರಿ ತಿಂಗಳಲ್ಲಿ ಅದು ಅವರಿಗಿಂತ ಕಿರಿಯರಿಗೆ ಕೊಡಲ್ಪಟ್ಟಿತು. ಅವರು ರಾಜೀನಾಮೆಯನ್ನು ಕೊಟ್ಟು ಹೊರಟುಹೋದರು.

ತೀರ್ಪು ಬಂದ ಮೂರನೆಯ ದಿನ, ಮೇ 1ರಂದು, ಬೆಂಗಳೂರಿನಲ್ಲಿ ಲಾರೆನ್ಸ್ ಫರ್ನಾಂಡಿಸ್ ಎಂಬವರನ್ನು ಪೋಲೀಸರು ಹಿಡಿದರು. ಇವರು ಮಂಗಳೂರಿನ ಕ್ರೈಸ್ತ ಮನೆತನದವರು. ಇವರ ಅಣ್ಣ ಜಾರ್ಜ್ ಫರ್ನಾಂಡಿಸರು ರೈಲ್ವೆ ಕಾರ್ಮಿಕರ ಮುಖಂಡರು. ಅವರು ಸರಕಾರದ ಕೈಗೆ ಸಿಕ್ಕದೆ ಅಡಗಿದ್ದರು. ರೈಲು ಹಳಿಗಳನ್ನೂ ಸರಕಾರಿ ಕಟ್ಟಡಗಳನ್ನೂ ಸಿಡಿಮದ್ದಿನಿಂದ ಹಾಳುಮಾಡಲು ಒಳಸಂಚು ನಡೆಸಿದ್ದಾರೆಂದು ಅವರ ಮೇಲೆ ಬರೋಡಾ ಡೈನಮೈಟ್ ಮೊಕದ್ದಮೆ ಎಂಬ ದೊಡ್ಡ ಮೊಕದ್ದಮೆಯು ಹೂಡಲ್ಪಟ್ಟಿತು. ಅಣ್ಣನು ಎಲ್ಲಿದ್ದಾನೆಂದು ಹೇಳಿಸುವದಕ್ಕಾಗಿ ತಮ್ಮನನ್ನು ಠಾಣೆಯಲ್ಲಿ ಘೋರವಾಗಿ ಹಿಂಸಿಸಿದರು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂಬ ನಿಯಮವು ಎಲ್ಲಿಯೋ ಹೋಗಿ ದಿನಗಟ್ಟಲೆ ಕಳೆದವು. ಇಪ್ಪತ್ತನಾಲ್ಕು ಗಂಟೆ ಎಂಬ ಸಣ್ಣ ಲೆಕ್ಕವು ಯಾತಕ್ಕಾಗಿ ಇಡಲ್ಪಟ್ಟಿದೆಯೆಂದು ಕೇಳುವವರಿಗೆ ಲಾರೆನ್ಸರ ಶರೀರವೇ ಉತ್ತರವಾಗಿತ್ತು.

ಅದರ ಮರುದಿನ, 1976ನೆಯ ಇಸವಿ ಮೇ 2ರಂದು, ಸ್ನೇಹಲತಾ ರೆಡ್ಡಿಯವರು ಹಿಡಿಯಲ್ಪಟ್ಟರು. ಅವರು ಜಾರ್ಜ್ ಫರ್ನಾಂಡಿಸರ ಸ್ನೇಹಿತರು, ತುರ್ತು ಪರಿಸ್ಥಿತಿಯ ವಿರೋಧಿಗಳು. ಇದನ್ನು ಅವರು ಮರೆಮಾಡಿದವರಲ್ಲ. ಮೊದಲು ಅವರ ಮೇಲೆ ಒಳಸಂಚಿನ ಆರೋಪವನ್ನು ಹೊರಿಸಿದರು. ಆಮೇಲೆ ಅದು ನಿಲ್ಲಲಿಲ್ಲ. ಜಾರ್ಜ್ ಫರ್ನಾಂಡಿಸರು ಅದೇ ವರ್ಷ ಜೂನ್ 10ರಂದು ಕಲ್ಕತ್ತೆಯಲ್ಲಿ ಸಿಕ್ಕಿದರು. ಆ ಮೊಕದ್ದಮೆಯಲ್ಲಿ ಕಡೆಗೆ ನ್ಯಾಯಾಲಯಕ್ಕೆ ಸಲ್ಲಿಸಲ್ಪಟ್ಟ ಆರೋಪಪಟ್ಟಿಯಲ್ಲಿ ಜಾರ್ಜರ ಹೆಸರೂ ಇತರ 24 ಮಂದಿಯ ಹೆಸರೂ ಇದ್ದವು. ಸ್ನೇಹಲತಾ ರೆಡ್ಡಿಯವರ ಹೆಸರು ಅದರಲ್ಲಿ ಇರಲಿಲ್ಲ. ಹಾಗಾದರೆ ಬಿಡುಗಡೆಯಾಯಿತೋ ಎಂದರೆ ಆಗಲಿಲ್ಲ. ಆಕೆಯು ಮೀಸಾದ ಸೆರೆಯಾಳಾಗಿ ಅಲ್ಲಿಯೇ ಉಳಿದರು.

ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆರೋಪ ಹೊತ್ತವರಿಗಾದರೋ ಒಂದು ಕಾಗದವಿತ್ತು. ಅದನ್ನು ಓದಿ, ಇದು ಸುಳ್ಳು, ಇದು ನಿಜ, ಈ ಸಾಕ್ಷಿಯು ಆ ದಿನ ಊರಲ್ಲಿರಲಿಲ್ಲ ಎಂದು ಹೇಳಬಹುದಾಗಿತ್ತು. ಅವರನ್ನು ಕೈಕೋಳ ಹಾಕಿ ನ್ಯಾಯಾಲಯಕ್ಕೆ ತಂದರೂ ಜನರು ಅವರ ಮುಖವನ್ನು ನೋಡಿದರು. ಆರೋಪವೇ ಇಲ್ಲದ ಈ ಸ್ತ್ರೀಗೆ ಉತ್ತರ ಹೇಳುವದಕ್ಕೆ ಪ್ರಶ್ನೆಯೂ ಇರಲಿಲ್ಲ, ನಿಲ್ಲುವದಕ್ಕೆ ಕಟಕಟೆಯೂ ಇರಲಿಲ್ಲ. ಅಪರಾಧಿಯೆಂದು ಹೇಳಿಸಿಕೊಂಡವರಿಗಿಂತ ಅಪರಾಧವಿಲ್ಲದವಳ ಸ್ಥಿತಿಯು ಕಷ್ಟವಾಯಿತು.

ಅಪೊಸ್ತಲರ ಕೃತ್ಯಗಳನ್ನು ಬಲ್ಲ ನಮ್ಮ ವಾಚಕರಿಗೆ ಪೌಲನ ನೆನಪು ಬಂದೇ ಬರುವದು. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ ಅವನು ಹಾಗೆ ಹೋಗಲೊಪ್ಪದೆ ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದನು. ಯೆರೂಸಲೇಮಿನಲ್ಲಿ ಕೊರಡೆಗೆ ಕಟ್ಟುತ್ತಿರುವಾಗಲೇ ಶತಾಧಿಪತಿಗೆ ರೋಮಾಪುರದ ನ್ಯಾಯಪ್ರಮಾಣವನ್ನು ನೆನಪಿಸಿದನು. ಹಕ್ಕನ್ನು ಕೇಳುವದು ತಾಳ್ಮೆಗೆ ವಿರೋಧವೆಂದು ಅವನು ಎಣಿಸಲಿಲ್ಲ. ಆದರೆ ಕೈಸರೈಯದಲ್ಲಿ ಫೇಲಿಕ್ಸನು ಲಂಚದ ಆಶೆಯಿಂದ ತೀರ್ಪನ್ನೇ ಕೊಡದೆ ಅವನನ್ನು ಎರಡು ವರುಷ ಸೆರೆಯಲ್ಲಿಟ್ಟನು. ಅನಂತರ ಬಂದ ಫೆಸ್ತನಿಗಾದರೋ ಆರೋಪವೇನೆಂದು ಬರೆಯದೆ ಸೆರೆಯವನನ್ನು ಕೈಸರನ ಬಳಿಗೆ ಕಳುಹಿಸಲು ನಾಚಿಕೆಯಾಯಿತು. ಅನ್ಯನಾದ ಆ ಅಧಿಕಾರಿಗೆ ಇದ್ದಷ್ಟು ನಾಚಿಕೆಯು 1976ರಲ್ಲಿ ಮೀಸಾದ ಆಜ್ಞೆಗಳಿಗೆ ರುಜು ಹಾಕಿದವರಿಗೆ ಇರಲಿಲ್ಲವೆಂದು ನಾವು ಹೇಳಲೇಬೇಕಾಗಿದೆ.

ಸ್ನೇಹಲತಾ ರೆಡ್ಡಿಯವರು ಬಹಳ ಕಾಲದಿಂದ ಉಬ್ಬಸದ ರೋಗಿ. ಮನೆಯಲ್ಲಿ ಔಷಧವೂ ಆರೈಕೆಯೂ ಇರುವಾಗಲೇ ಆ ರೋಗದವರು ರಾತ್ರಿಯೆಲ್ಲಾ ಕುಳಿತು ಉಸಿರಿಗಾಗಿ ಒದ್ದಾಡುವದನ್ನು ನಾವು ಬಲ್ಲೆವು. ಆಕೆಯನ್ನು ಒಂಟಿ ಕೋಣೆಯಲ್ಲಿ ಇಟ್ಟರು. ಸರಿಯಾದ ಚಿಕಿತ್ಸೆಯು ಕ್ರಮವಾಗಿ ದೊರೆಯಲಿಲ್ಲ. ಅದೇ ಜೈಲಿನ ಬೇರೊಂದು ಭಾಗದಲ್ಲಿದ್ದ ಮಧು ದಂಡವತೆಯವರು ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಕೋಣೆಯಿಂದ ಬರುತ್ತಿದ್ದ ಕೂಗು ತಮಗೆ ಕೇಳಿಸುತ್ತಿತ್ತೆಂದು ಮುಂದೆ ಬರೆದಿದ್ದಾರೆ.

ಆಕೆಯು ಜೈಲಿನಲ್ಲಿ ದಿನಚರಿಯನ್ನು ಬರೆದರು. ಅದು ಆಕೆಯ ಮರಣದ ತರುವಾಯ 1977ರಲ್ಲಿ ಪ್ರಕಟವಾಯಿತು. ಅದರಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ಕಲಕುವದು ಆಕೆಯ ಸ್ವಂತ ಕಷ್ಟವಲ್ಲ. ಅದೇ ಗೋಡೆಯೊಳಗೆ ಯಾರಿಗೂ ಹೆಸರು ತಿಳಿಯದ ಬಡ ಹೆಂಗಸರು ಇದ್ದರು. ಹೊಸದಾಗಿ ಬಂದ ಹೆಂಗಸನ್ನು ಇತರರ ಮುಂದೆಯೇ ಬಟ್ಟೆ ಬಿಚ್ಚಿಸಿ ಶೋಧಿಸುತ್ತಿದ್ದರು. ಕಾವಲಿನವರು ಅವರನ್ನು ಹೊಡೆಯುತ್ತಿದ್ದರು. ಊಟವು ತಿನ್ನುವ ಹಾಗಿರಲಿಲ್ಲ. ಶಿಕ್ಷೆಯಾದವರಿಗೆ ಶಿಕ್ಷೆಯೇ ಸಾಲದೋ, ಈ ಅವಮಾನವು ಯಾವ ತೀರ್ಪಿನಲ್ಲಿ ಬರೆದಿದೆ ಎಂಬದು ಆಕೆಯ ಪ್ರಶ್ನೆಯ ತಿರುಳು. ಆಕೆಯು ಉಪವಾಸ ಕೂತು ಊಟವನ್ನು ಸ್ವಲ್ಪ ಉತ್ತಮಪಡಿಸಿದರು, ಹೊಡೆಯುವದನ್ನು ವಿರೋಧಿಸಿದರು, ಆ ಹೆಂಗಸರಿಗೆ ಹಾಡುಗಳನ್ನು ಕಲಿಸಿದರು. ರೋಗದಿಂದ ಏಳಲಾರದವಳು ಇಷ್ಟನ್ನು ಮಾಡಿದಳೆಂಬದು ಸಣ್ಣ ಸಂಗತಿಯಲ್ಲ.

ತಿಂಗಳುಗಳು ಕಳೆದವು, ರೋಗವು ಹೆಚ್ಚಿತು. ಕಡೆಗೆ ಬದುಕುವ ಸ್ಥಿತಿಯಲ್ಲಿ ಇಲ್ಲವೆಂದು ಕಂಡಾಗ 1977ನೆಯ ಇಸವಿ ಜನವರಿ 15ರಂದು ಪೆರೋಲಿನ ಮೇಲೆ ಮನೆಗೆ ಕಳುಹಿಸಿದರು. ಜನವರಿ 18ರಂದು ಪ್ರಧಾನಮಂತ್ರಿಗಳು ಚುನಾವಣೆಯನ್ನು ಸಾರಿದರು. ಸೆರೆಯಾಗಿದ್ದ ಮುಖಂಡರು ಒಬ್ಬೊಬ್ಬರಾಗಿ ಹೊರಗೆ ಬರಲಾರಂಭಿಸಿದರು. ಜನವರಿ 20ರಂದು ಸ್ನೇಹಲತಾ ರೆಡ್ಡಿಯವರು ಪ್ರಾಣಬಿಟ್ಟರು. ಇನ್ನೂ ಐವತ್ತು ವಯಸ್ಸು ತುಂಬಿರಲಿಲ್ಲ. ಗಂಡನನ್ನೂ ಒಬ್ಬ ಮಗಳನ್ನೂ ಒಬ್ಬ ಮಗನನ್ನೂ ಬಿಟ್ಟುಹೋದರು. ಆಕೆಯು ಮಾಡಿದ ಅಪರಾಧವು ಇಂಥದ್ದೆಂದು ಆ ಎಂಟು ತಿಂಗಳಲ್ಲಿ ಯಾವ ನ್ಯಾಯಾಲಯವೂ ಹೇಳಲಿಲ್ಲ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇವೆ. ಮಾರ್ಚ್ 21ರಂದು ತುರ್ತು ಪರಿಸ್ಥಿತಿಯು ತೆಗೆಯಲ್ಪಟ್ಟಿತು. ಹೊಸ ಸರಕಾರವು ಬರೋಡಾ ಮೊಕದ್ದಮೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಮೀಸಾ ಕಾಯಿದೆಯೂ ರದ್ದಾಯಿತು. 1978ರಲ್ಲಿ ಸಂವಿಧಾನಕ್ಕೆ ಮಾಡಿದ 44ನೆಯ ತಿದ್ದುಪಡಿಯಿಂದ, ಎಂಥ ತುರ್ತು ಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ವಿಧಿಗಳ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವದನ್ನು ತಡೆಯಕೂಡದೆಂದು ಗೊತ್ತಾಯಿತು. ಏಪ್ರಿಲ್ 28ರ ಆ ತೀರ್ಪಾದರೋ ಪುಸ್ತಕದಲ್ಲಿ ಇನ್ನೂ ನಾಲ್ವತ್ತೊಂದು ವರುಷ ಉಳಿಯಿತು. ಅದನ್ನು ತೆಗೆದುಹಾಕುವದಕ್ಕೆ ನಿಮಿತ್ತವಾದವರು ಬೆಂಗಳೂರಿನವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಚೀಟಿಯ ವಿಷಯವಾಗಿ ತಂದ ಮೊಕದ್ದಮೆಯಲ್ಲಿ 2017ನೆಯ ಇಸವಿ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಕೂಡಿ, ಹಳೆಯ ತೀರ್ಪು ತಪ್ಪಾಗಿತ್ತು, ಖನ್ನಾರವರು ಹೇಳಿದ್ದೇ ಸರಿಯೆಂದರು. ಆ ಮುಖ್ಯ ತೀರ್ಪನ್ನು ಬರೆದವರು 1976ರಲ್ಲಿ ಸರಕಾರದ ಪಕ್ಷವಾಗಿ ನಿಂತ ನಾಲ್ವರಲ್ಲಿ ಒಬ್ಬರಾದ ವೈ. ವಿ. ಚಂದ್ರಚೂಡರ ಮಗ ಡಿ. ವೈ. ಚಂದ್ರಚೂಡರು.

ಆದರೂ ಮುಂಜಾಗ್ರತೆಯ ಬಂಧನವು ದೇಶದಿಂದ ಹೋಯಿತೆಂದು ವಾಚಕರು ತಿಳಿಯಬಾರದು. ಸಂವಿಧಾನದ 22ನೆಯ ವಿಧಿಯಲ್ಲಿ ಅದಕ್ಕೆ ಈಗಲೂ ಸ್ಥಳವುಂಟು. 1980ರ ರಾಷ್ಟ್ರೀಯ ಭದ್ರತಾ ಕಾಯಿದೆಯೂ ನಮ್ಮ ರಾಜ್ಯದ 1985ರ ಗೂಂಡಾ ಕಾಯಿದೆಯೂ ಅದೇ ಜಾತಿಯವು. ಸಲಹಾ ಮಂಡಲಿಯ ಅಭಿಪ್ರಾಯವಿಲ್ಲದೆ ಮೂರು ತಿಂಗಳ ತನಕ ಒಬ್ಬನನ್ನು ಇಡಬಹುದು. ಅದನ್ನು ಎರಡು ತಿಂಗಳಿಗೆ ಇಳಿಸುವ ಮಾತು 44ನೆಯ ತಿದ್ದುಪಡಿಯಲ್ಲಿ ಬರೆದಿದ್ದರೂ ಆ ಭಾಗವನ್ನು ಯಾವ ಸರಕಾರವೂ ಜಾರಿಗೆ ತರಲಿಲ್ಲ. ಮೀಸಾವನ್ನು ದೂಷಿಸಿ ಅಧಿಕಾರಕ್ಕೆ ಬಂದವರೂ ಅದನ್ನು ತರಲಿಲ್ಲ.

ಸಾಧಾರಣ ಆರೋಪಿಗೆ ಇರುವ ರಕ್ಷಣೆಯಾದರೋ ಬಹಳ ಬೆಳೆದಿದೆ. ಬೊಂಬಾಯಿಯ ಠಾಣೆಗಳಲ್ಲಿ ಹೆಂಗಸರನ್ನು ಹಿಂಸಿಸುತ್ತಾರೆಂದು ಶೀಲಾ ಬರ್ಸೆ ಎಂಬ ಪತ್ರಿಕೆಯವರು ಬರೆದ ಕಾಗದದ ಮೇಲೆ 1983ರಲ್ಲಿ ಸುಪ್ರೀಂ ಕೋರ್ಟು, ಸ್ತ್ರೀಯರನ್ನು ಬೇರೆ ಕೋಣೆಯಲ್ಲಿ ಸ್ತ್ರೀ ಪೋಲೀಸರ ಕಾವಲಿನಲ್ಲಿಯೇ ಇಡಬೇಕೆಂದು ಆಜ್ಞಾಪಿಸಿತು. 1996ರಲ್ಲಿ ಡಿ. ಕೆ. ಬಸು ಎಂಬವರ ಮೊಕದ್ದಮೆಯಲ್ಲಿ ಹಿಡಿಯುವ ಕ್ರಮವನ್ನೇ ವಿವರವಾಗಿ ಬರೆದಿಟ್ಟರು. ಹಿಡಿಯುವ ಪೋಲೀಸಿನವನ ಎದೆಯ ಮೇಲೆ ಅವನ ಹೆಸರು ಕಾಣಬೇಕು. ಹಿಡಿದ ದಿನವನ್ನೂ ಗಳಿಗೆಯನ್ನೂ ಕಾಗದದಲ್ಲಿ ಬರೆದು ಅದಕ್ಕೆ ಮನೆಯವನೊಬ್ಬನ ಇಲ್ಲವೆ ಊರಿನ ಮರ್ಯಾದಸ್ಥನೊಬ್ಬನ ಸಾಕ್ಷಿ ರುಜುವನ್ನು ಹಾಕಿಸಬೇಕು. ಹಿಡಿಯಲ್ಪಟ್ಟವನೂ ಅದಕ್ಕೆ ರುಜು ಹಾಕಬೇಕು. ಎಲ್ಲಿಟ್ಟಿದ್ದಾರೆಂದು ಅವನ ಸಂಬಂಧಿಕನಿಗೆ ತಿಳಿಸಬೇಕು. 48 ಗಂಟೆಗೊಮ್ಮೆ ವೈದ್ಯನು ಅವನ ಶರೀರವನ್ನು ಪರೀಕ್ಷಿಸಬೇಕು. ಉಬ್ಬಸದಿಂದ ನರಳಿದ ಆ ಸೆರೆಯಾಳಿನ ಕಾಲದಲ್ಲಿ ಇಂಥ ನಿಯಮಗಳು ಇದ್ದು, ಅವುಗಳನ್ನು ಕೇಳುವ ನ್ಯಾಯಾಲಯವೂ ತೆರೆದಿದ್ದರೆ ಈ ಚರಿತ್ರೆಯ ಕಡೆಯ ಭಾಗವು ಬೇರೆಯಾಗಿರುತ್ತಿತ್ತೆಂದು ನಮಗೆ ತೋರುತ್ತದೆ.

2024ನೆಯ ಇಸವಿ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಗೆ ಬದಲಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬದು ನಡೆಯುತ್ತಿದೆ. ಹೆಸರು ಬದಲಾದರೂ ಮುಖ್ಯ ಕಟ್ಟುಗಳು ಉಳಿದಿವೆ. ಹೊತ್ತು ಮುಳುಗಿದ ಮೇಲೆ ಹೊತ್ತು ಹುಟ್ಟುವ ಮುಂಚೆ ಹೆಂಗಸನ್ನು ಹಿಡಿಯಬಾರದು. ತೀರ ವಿಶೇಷ ಕಾರಣವಿದ್ದರೆ ಸ್ತ್ರೀ ಪೋಲೀಸ್ ಅಧಿಕಾರಿಯು ಮ್ಯಾಜಿಸ್ಟ್ರೇಟರ ಅಪ್ಪಣೆಯನ್ನು ಮೊದಲು ಪಡೆಯಬೇಕು. ಸಾಕ್ಷಿ ಕೇಳುವದಕ್ಕಾಗಿ ಹೆಂಗಸರನ್ನೂ, 15 ವರುಷದೊಳಗಿನವರನ್ನೂ, 60 ದಾಟಿದವರನ್ನೂ ಠಾಣೆಗೆ ಬರಹೇಳಬಾರದು, ಅವರು ವಾಸವಾಗಿರುವಲ್ಲಿಗೇ ಹೋಗಿ ಕೇಳಬೇಕು. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರೋಧವಾಗಿ ಸಾಕ್ಷಿಯೆಂದು ತೆಗೆದುಕೊಳ್ಳಕೂಡದು. ಅಪರಾಧದ ಗುರುತ್ವಕ್ಕೆ ತಕ್ಕಂತೆ 60 ಇಲ್ಲವೆ 90 ದಿನಗಳಲ್ಲಿ ಆರೋಪಪಟ್ಟಿಯು ಸಲ್ಲದೆ ಹೋದರೆ ಜಾಮೀನು ಕೊಡಲು ಸಿದ್ಧನಾದ ಸೆರೆಯವನನ್ನು ಬಿಡಲೇಬೇಕು. ಜಾಮೀನಿಗೆ ಒಳಪಡದ ಅಪರಾಧಗಳಲ್ಲಿಯೂ ಸ್ತ್ರೀಯನ್ನು, ರೋಗಿಯನ್ನು, ನಿಶ್ಶಕ್ತನನ್ನು ಜಾಮೀನಿನ ಮೇಲೆ ಬಿಡಬಹುದೆಂದು ಕಾಯಿದೆಯು ನ್ಯಾಯಾಧೀಶರಿಗೆ ದಾರಿಯನ್ನು ತೆರೆದಿಟ್ಟಿದೆ.

ಇಷ್ಟೆಲ್ಲಾ ಇದ್ದರೂ 2022ರ ಸರಕಾರಿ ಲೆಕ್ಕದ ಪ್ರಕಾರ ನಮ್ಮ ದೇಶದ ಸೆರೆಮನೆಗಳಲ್ಲಿದ್ದ ನಾಲ್ವರಲ್ಲಿ ಮೂವರು ಇನ್ನೂ ತೀರ್ಪಾಗದವರು. ಅವರಲ್ಲಿ ಬಹು ಮಂದಿ ಬಡವರು, ಜಾಮೀನಿಗೆ ನಿಲ್ಲುವವರಿಲ್ಲದವರು. ಇಲ್ಲಿ ನಮ್ಮ ಸಭೆಗಳ ವಿಷಯವಾಗಿ ಒಂದು ಮಾತನ್ನು ಹೇಳುವದು ಅಗತ್ಯ. ಒಬ್ಬನನ್ನು ಠಾಣೆಗೆ ಕರೆದುಕೊಂಡು ಹೋದರೆಂಬ ಸುದ್ದಿ ಬಂದ ಕೂಡಲೇ ಅವನ ಹೆಂಡತಿಯ ಪಕ್ಕದಲ್ಲಿ ಕೂತುಕೊಳ್ಳುವದಕ್ಕೂ ಹಿಂಜರಿಯುವದು, ವಿಚಾರಣೆಯಾಗುವದಕ್ಕೆ ಮುಂಚೆಯೇ ಅವನ ಹೆಸರನ್ನು ಕೆಡಿಸುವದು ಕೆಲವು ಊರುಗಳಲ್ಲಿ ನಡೆಯುತ್ತದೆ. ನಿಕೊದೇಮನು ಯೆಹೂದ್ಯರ ಹಿರೀಸಭೆಯಲ್ಲಿ ಎದ್ದು, ಮನುಷ್ಯನ ಮಾತನ್ನು ಕೇಳುವದಕ್ಕೆ ಮುಂಚೆ ತೀರ್ಪು ಮಾಡುವದು ನಮ್ಮ ಧರ್ಮಶಾಸ್ತ್ರದ ಪದ್ಧತಿಯೋ ಎಂದು ಕೇಳಿ ಹಾಸ್ಯಕ್ಕೆ ಗುರಿಯಾದನು. ಹಿಡಿಯುವ ಕಾಗದಕ್ಕೆ ಊರಿನ ಮರ್ಯಾದಸ್ಥನ ರುಜು ಬೇಕೆಂದು ಸುಪ್ರೀಂ ಕೋರ್ಟು ಹೇಳಿದೆಯಷ್ಟೆ. ಆ ಗಳಿಗೆಯಲ್ಲಿ ಸಭೆಯ ಹಿರಿಯನು ಮನೆಯ ಕದವನ್ನು ಹಾಕಿಕೊಂಡು ಒಳಗೆ ಕೂತರೆ ರುಜು ಹಾಕುವವರು ಯಾರು?

ವಕೀಲನಿಗೆ ಕೊಡಲು ಹಣವಿಲ್ಲದವರಿಗೂ ದಾರಿಯುಂಟು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಮತ್ತು ಯಾವ ಜಾತಿಯವರಾದರೂ ಸೆರೆಯಲ್ಲಿರುವವರು, ಇವರೆಲ್ಲರಿಗೂ ವರಮಾನವನ್ನು ನೋಡದೆ ವಕೀಲನನ್ನು ಧರ್ಮವಾಗಿ ಕೊಡಬೇಕು. ತಾಲೂಕು ನ್ಯಾಯಾಲಯದ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿಯ ಕಚೇರಿಯಿರುತ್ತದೆ. ಬರೆಯಲು ಬಾರದವನು ಬಾಯಿಮಾತಿನಿಂದ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳುತ್ತಾರೆ. ದೂರದ ಊರಿನವರು 15100 ಎಂಬ ಸಂಖ್ಯೆಗೆ ಟೆಲಿಫೋನು ಮಾಡಿ ಕೇಳಬಹುದು. ಹಿಡಿದುಕೊಂಡು ಹೋದ ದಿನವನ್ನೂ ಹೊತ್ತನ್ನೂ ಠಾಣೆಯ ಹೆಸರನ್ನೂ ಆಗಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋದರೆ ವಕೀಲನು ಮೊದಲು ಕೇಳುವದು ಅದನ್ನೇ.